ಅವಳ ಕುತ್ತಿಗೆಯ ಮೇಲೆ ನನ್ನ ಎಲೆಗಳು

ನಮ್ಮ ಪಕ್ಕದ ಮನೆಯ ಹುಡುಗಿ ತನ್ನ ಮದುವೆಗೆ ಬಾಡಿಗೆ ಸೆಟ್ ಹಾಕಿಕೊಳ್ಳುವುದಿಲ್ಲ ಎಂದು ಹಟ ಹಿಡಿದಳು. ಗಾವಡಗೆರೆಯಲ್ಲಿ ಈಗ ಯಾರ ಮದುವೆಯಾದರೂ ಹುಣಸೂರಿನ ಬ್ಯೂಟಿ ಪಾರ್ಲರಿನಿಂದ ಸರ, ಓಲೆ, ಡಾಬು ಎಲ್ಲ ಬಾಡಿಗೆಗೆ ಬರುತ್ತವೆ. ಮೂರನೆಯ ದಿನ ಡಬ್ಬಿಯಲ್ಲಿ ತುಂಬಿ ವಾಪಸ್ಸು ಕಳಿಸುತ್ತಾರೆ.

“ಹತ್ತು ಜನ ಬೆವರಿರೋ ಸರ ನಂಗೆ ಬ್ಯಾಡ. ನೀವು ಮಾಡಿಕೊಡಿ ಅಕ್ಕ. ನಂದೇ ಅಂತ ಒಂದಿರ್ಲಿ,” ಅಂದಳು.

ನಾನು ಮಣಿ, ಹರಳಿನ ಒಡವೆ ಮಾಡಲು ಶುರು ಮಾಡಿ ಆಗ ಆರು ವರ್ಷ. ಕಲಿಸಿದವರು ಯಾರೂ ಇಲ್ಲ. ಫೋನಿನಲ್ಲಿ ನೋಡಿ, ಕೆಡಿಸಿ, ಬಿಚ್ಚಿ, ಮತ್ತೆ ಕಟ್ಟಿ ಕಲಿತದ್ದು. ಮೊದಲು ನೆಂಟರಿಗೆ ಮಾಡಿದೆ. ಆಮೇಲೆ ಪಿರಿಯಾಪಟ್ಟಣ, ಕೆ.ಆರ್. ನಗರದ ಕಡೆಯಿಂದಲೂ ಹೆಣ್ಣುಮಕ್ಕಳು ಫೋನ್ ಮಾಡತೊಡಗಿದರು. ನಡುಮನೆಯ ಕಿಟಕಿ ಪಕ್ಕ ಒಂದು ಹಲಗೆ, ಎರಡು ಇಕ್ಕಳ, ಒಂದು ಅರ, ಒಂದು ಪುಟ್ಟ ಸುತ್ತಿಗೆ. ಅಷ್ಟೇ ನನ್ನ ಅಂಗಡಿ. ಅಡುಗೆ ಮುಗಿಸಿ ಅಲ್ಲಿ ಕೂತರೆ ನನಗೆ ಯಾರೂ ಬೇಕಿರಲಿಲ್ಲ.

ಆ ಸರದ ಚಿತ್ರವನ್ನು ನಾವಿಬ್ಬರೂ ಸೇರಿಯೇ ಬರೆದೆವು. ಅವಳು ದಿನಾ ಸಂಜೆ ಬಂದು ಕೂರುತ್ತಿದ್ದಳು. ಹಳೆ ಕ್ಯಾಲೆಂಡರಿನ ಹಾಳೆ ತಿರುಗಿಸಿ ಪೆನ್ಸಿಲ್ಲಿನಲ್ಲಿ ಗೀಚುತ್ತಿದ್ದೆವು. ಅವಳಿಗೆ ಹೊಂಗೆಯ ಚಿಗುರೆಲೆಗಳು ಒಂದರ ಪಕ್ಕ ಒಂದು ಕುತ್ತಿಗೆಗೆ ಅಂಟಿಕೊಂಡು ಕೂರಬೇಕಿತ್ತು. ಎಲೆಗಳ ಕೆಳಗೆ ದಾಳಿಂಬೆ ಕಾಳಿನಂಥ ಕೆಂಪು ಹರಳು, ನಡುನಡುವೆ ಹಸಿರು ಮಣಿ. ನಾನು ಹಿತ್ತಾಳೆಯಲ್ಲಿ ಮಾಡುತ್ತೇನೆ ಅಂದೆ. ಅವಳಿಗೆ ಬೆಳ್ಳಗೆ ಇರಬೇಕಿತ್ತು.

ಹಾಗಾಗಿ ಮೈಸೂರಿಗೆ ಹೋಗಿ ಜರ್ಮನ್ ಸಿಲ್ವರ್ ಅನ್ನುವ ಬಿಳಿ ತಗಡು ತಂದೆ. ಹೆಸರಲ್ಲಿ ಬೆಳ್ಳಿ ಇದೆ, ತಗಡಿನಲ್ಲಿ ಇಲ್ಲ. ಅದು ನನಗೂ ಗೊತ್ತಿತ್ತು. ಬೆಳ್ಳಿ ಇಲ್ಲದಿದ್ದ ಮೇಲೆ ಒಳಗೆ ಇನ್ನೇನಿದೆ ಎಂದು ಮಾತ್ರ ನಾನು ಅಂಗಡಿಯವರನ್ನು ಕೇಳಲಿಲ್ಲ. ಹೊಳಪು ನೋಡಿದೆ, ಬಾಗಿಸಿ ನೋಡಿದೆ, ತಂದೆ.

ಇಪ್ಪತ್ತಮೂರು ಎಲೆ. ಒಂದೊಂದನ್ನೂ ಕತ್ತರಿಸಿ, ಅಂಚು ಅರದಲ್ಲಿ ತಿಕ್ಕಿ, ಮೊಳೆ ಇಟ್ಟು ಸುತ್ತಿಗೆಯಲ್ಲಿ ತಟ್ಟಿ ನರಗಳನ್ನು ಮೂಡಿಸಿದೆ. ಅಷ್ಟು ಚಂದದ ಕೆಲಸ ನಾನು ಅದುವರೆಗೆ ಮಾಡಿರಲಿಲ್ಲ. ಅದನ್ನು ಈಗಲೂ ಹೇಳಬೇಕು, ಅದು ನಿಜ.

ಮದುವೆ ಹುಣಸೂರಿನ ಛತ್ರದಲ್ಲಿ ನಡೆಯಿತು. ಬೇಸಗೆಯ ಸೆಕೆ. ಹಿಂದಿನ ಸಂಜೆ ಆರತಕ್ಷತೆಗೆ ಹಾಕಿಕೊಂಡ ಸರವನ್ನು ಅವಳು ಮರುದಿನ ಧಾರೆ ಮುಗಿದು, ಎಚ್.ಡಿ. ಕೋಟೆ ತಾಲೂಕಿನ ಹಂಪಾಪುರದ ಗಂಡನ ಮನೆಯ ಹೊಸಿಲು ದಾಟುವವರೆಗೂ ಬಿಚ್ಚಲಿಲ್ಲ. ಬಂದವರೆಲ್ಲ ಸರ ಎಲ್ಲಿ ಮಾಡಿಸಿದ್ದು ಎಂದು ಕೇಳುತ್ತಿದ್ದರು. ಅವಳು ವೇದಿಕೆಯ ಮೇಲಿನಿಂದಲೇ ಬೆರಳು ಮಾಡಿ ನನ್ನನ್ನು ತೋರಿಸುತ್ತಿದ್ದಳು.

ಐದನೆಯ ದಿನ ಅವಳು ತವರಿಗೆ ಬಂದಳು. ಗಂಡ ಜೊತೆಯಲ್ಲಿರಲಿಲ್ಲ. ಅವನ ಚಿಕ್ಕಪ್ಪ ಯಾರೋ ಕಾರಿನಲ್ಲಿ ಕರೆತಂದು ಬಿಟ್ಟು, ಕಾಫಿಯನ್ನೂ ಕುಡಿಯದೆ ಹೊರಟುಹೋದರು. ನಾನು ಓಡಿ ಹೋಗಿ ನೋಡಿದೆ. ಕುತ್ತಿಗೆಯ ಸುತ್ತ ಕೆಮ್ಮಣ್ಣು ಬಳಿದಿದ್ದರು. ಅದರ ಅಡಿಯಿಂದ ನೀರು ಒಸರುತ್ತಿತ್ತು. ಅವಳು ತಲೆ ತಿರುಗಿಸಲಾರದೆ ಮೈಯನ್ನೇ ತಿರುಗಿಸಿ ನನ್ನನ್ನು ನೋಡಿದಳು.

“ಸರ್ಪಸುತ್ತಂತೆ ಕಣವ್ವ,” ಅಂದಳು ಅವಳ ತಾಯಿ. ನನಗಿಂತ ಹತ್ತು ವರ್ಷ ದೊಡ್ಡವಳು, ನಾನು ಅಕ್ಕ ಎನ್ನುವುದು. “ಸುತ್ತು ಬಂದು ತಲೆ ಬಾಲ ಒಂದಾಗೋಗೈತೆ, ಇನ್ನು ಉಳಿಯಾಕಿಲ್ಲ ಅಂತ ಅವರ ಮನೇಲಿ ಯಾರೋ ಅಂದ್ರಂತೆ. ಇನ್ನೊಬ್ಬರು, ಮೊದಲೇ ಇದ್ದಿದ್ದ ಚರ್ಮದ ಕಾಯಿಲೆ ಮುಚ್ಚಿಟ್ಟು ಮದುವೆ ಮಾಡವ್ರೆ ಅಂದ್ರಂತೆ. ವಾಸಿಯಾದ್ಮೇಲೆ ನೋಡಾಣ ಅಂತ ಕಳಿಸವ್ರೆ.”

ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಕೆಮ್ಮಣ್ಣು ಒರೆಸಿದವಳು ನಾನೇ. ಮಣ್ಣು ಹೋದ ಮೇಲೆ ಕೆಂಪಗೆ ಬೆಂದಂತಿದ್ದ ಚರ್ಮ ಕಾಣಿಸಿತು. ಅದರಲ್ಲಿ ಒಂದು ಕ್ರಮವಿತ್ತು. ಮೇಲೆ ಚೂಪು, ಕೆಳಗೆ ಅಗಲ, ನಡುವೆ ಚೂರು ಜಾಗ ಬಿಟ್ಟು ಮತ್ತೆ ಚೂಪು, ಮತ್ತೆ ಅಗಲ. ಹರಳು ಮಣಿ ತೂಗುತ್ತಿದ್ದ ಕಡೆ ಚರ್ಮ ಚೆನ್ನಾಗಿಯೇ ಇತ್ತು. ತಗಡು ತಾಗಿದ್ದ ಕಡೆ ಮಾತ್ರ ಗುಳ್ಳೆ. ನನ್ನ ಇಪ್ಪತ್ತಮೂರು ಎಲೆ ಅಲ್ಲಿ ಒಂದರ ಪಕ್ಕ ಒಂದು ಕೂತಿದ್ದವು.

ನಾನು ಬಟ್ಟೆ ಹಿಂಡಿ, ನೀರು ಚೆಲ್ಲಿ, “ಡಾಕ್ಟ್ರಿಗೆ ತೋರಿಸ್ರಕ್ಕ,” ಎಂದಷ್ಟೇ ಹೇಳಿ ಮನೆಗೆ ಬಂದೆ.

ಗಂಡನಿಗೆ ಹೇಳಿದೆ. ಅವರು ಊಟ ಮಾಡುತ್ತಾ, “ಸುಮ್ಕಿರು. ನಿನ್ನ ಯಾರೂ ಏನೂ ಕೇಳಿಲ್ಲ,” ಅಂದರು.

ಸುಮ್ಮನಿದ್ದೆ. ಒಂಬತ್ತು ದಿನ ಸುಮ್ಮನಿದ್ದೆ. ಉಳಿದ ತಗಡಿನಲ್ಲಿ ಒಂದು ಎಲೆ ಕತ್ತರಿಸಿ ನನ್ನ ತೋಳಿಗೆ ಬಟ್ಟೆಯಲ್ಲಿ ಬಿಗಿದು ಕಟ್ಟಿಕೊಂಡೆ. ಮೂರು ದಿನ ಅದರೊಂದಿಗೇ ಸ್ನಾನ ಮಾಡಿದೆ, ಒಲೆಯ ಮುಂದೆ ಬೆವರಿದೆ. ಬಿಚ್ಚಿದರೆ ಏನೂ ಇಲ್ಲ. ತೋಳು ತೋಳಿನ ಹಾಗೇ ಇತ್ತು. ಅಲ್ಲಿಗೆ ನನ್ನದೇನೂ ತಪ್ಪಿಲ್ಲ ಎಂದುಕೊಂಡೆ. ನಂಬಲು ನೋಡಿದೆ. ಗೋಡೆಯಾಚೆ ಅವಳ ತಾಯಿ ಹರಕೆ ಹೊತ್ತುಕೊಳ್ಳುವುದು ಕೇಳಿಸುತ್ತಿತ್ತು. ಪಿರಿಯಾಪಟ್ಟಣದ ಒಬ್ಬರ ನಿಶ್ಚಿತಾರ್ಥದ ಸರ ಅರ್ಧಕ್ಕೆ ನಿಂತಿತ್ತು, ಅದೂ ಬಿಳಿ ತಗಡಿನದೇ. ಹಿಟ್ಟು ತೊಳಸುವಾಗ, ಹಸುವಿಗೆ ಹುಲ್ಲು ಹಾಕುವಾಗ, ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುತ್ತಿದ್ದೆ. ಹೇಳಿದರೆ ಆರು ವರ್ಷದ್ದೆಲ್ಲ ಹೋಗುತ್ತದೆ. ಹೇಳದಿದ್ದರೆ ಅವಳ ಬಾಳು. ಇಷ್ಟು ಸ್ಪಷ್ಟವಾಗಿ ಗೊತ್ತಿದ್ದೂ ಒಂಬತ್ತು ದಿನ ಬೇಕಾಯಿತು ಎಂಬುದು ನನಗೆ ಇವತ್ತಿಗೂ ಅರಗುವುದಿಲ್ಲ.

ಹತ್ತನೆಯ ದಿನ ಅವಳೇ ಬಂದಳು. ಮೈಸೂರಿನಲ್ಲಿ ಚರ್ಮದ ಡಾಕ್ಟರಿಗೆ ತೋರಿಸಿಕೊಂಡು ಬಂದಿದ್ದಳು. ಗುಳ್ಳೆ ಒಣಗುತ್ತಿತ್ತು.

“ಅಕ್ಕ, ಆ ತಗಡಲ್ಲಿ ಅದೇನೋ ನಿಕಲ್ ಅನ್ನೋ ಲೋಹ ಐತಂತೆ. ಕೆಲವರ ಮೈಗೆ ಆಗಲ್ವಂತೆ. ಜೀನ್ಸ್ ಪ್ಯಾಂಟಿನ ಗುಂಡಿ ತಾಗಿದ ಕಡೆ ಕಡೀತಿತ್ತಾ ಅಂತ ಕೇಳಿದ್ರು. ಕಾಲೇಜಿಗೆ ಹೋಗೋವಾಗ ಹೊಕ್ಕುಳ ಹತ್ರ ಕಡೀತಿತ್ತು, ನಾನು ಸೆಕೆ ಅಂದ್ಕೊಂಡಿದ್ದೆ.” ಆಮೇಲೆ ಕೇಳಿದಳು, “ನಿಮಗೆ ಗೊತ್ತಿತ್ತಾ?”

“ತಗಡು ತರೋವಾಗ ಗೊತ್ತಿರಲಿಲ್ಲ. ಅವತ್ತು ಮಣ್ಣು ಒರೆಸೋವಾಗ ಗೊತ್ತಾಯ್ತು,” ಅಂದೆ.

ಅವಳು ಬೈಯಲಿಲ್ಲ. ಅಳಲೂ ಇಲ್ಲ. ಡಾಕ್ಟರ ಚೀಟಿಯ ಫೋಟೋ ಹಂಪಾಪುರಕ್ಕೆ ಕಳಿಸಿದ್ದಾಯಿತು, ಅತ್ತೆ ನಂಬಲಿಲ್ಲ ಎಂದಳು. ಚೀಟಿ ಯಾರು ಬೇಕಾದರೂ ಬರೆಸಿಕೊಳ್ಳಬಹುದು ಎಂದರಂತೆ. ಗಂಡ ಫೋನ್ ಎತ್ತುತ್ತಾನೆ, ಊಟ ಆಯಿತಾ ಎಂದು ಕೇಳುತ್ತಾನೆ, ಬಾ ಎನ್ನುವುದಿಲ್ಲ.

“ನಾನು ಬತ್ತೀನಿ. ಅವರ ಕಣ್ಣೆದುರಿಗೇ ತೋರಿಸಾಣ,” ಎಂದೆ. ಏನು ತೋರಿಸುವುದು ಎಂದು ಅವಳಿಗೆ ತಕ್ಷಣ ಅರ್ಥವಾಯಿತು. ಕುತ್ತಿಗೆಯ ಮೇಲೆ ಕೈಯಿಟ್ಟುಕೊಂಡು ಹೂಂ ಅಂದಳು.

ಇನ್ನೆರಡು ವಾರ ಬಿಟ್ಟು, ಗುಳ್ಳೆಯೆಲ್ಲ ಮಾಯ್ದು ಕಪ್ಪು ಕಲೆಯಷ್ಟೇ ಉಳಿದಾಗ, ಅವಳು, ಅವಳ ತಾಯಿ, ನಾನು ಹೊರಟೆವು. ಹುಣಸೂರಿನಲ್ಲಿ ಬಸ್ ಬದಲಿಸಿ ಕೋಟೆ, ಕೋಟೆಯಲ್ಲಿ ಬದಲಿಸಿ ಹಂಪಾಪುರ. ಅವಳು ತವರಿಗೆ ತಂದಿದ್ದ ಆ ಸರ ಈಗ ನನ್ನ ಬ್ಯಾಗಿನಲ್ಲಿತ್ತು.

ಅವಳ ಅತ್ತೆ ಜಗಲಿಯ ಮೇಲೆ ಅಲಸಂದೆಕಾಯಿ ಸುಲಿಯುತ್ತಿದ್ದರು. ನಾನು ನಿಂತುಕೊಂಡೇ ಹೇಳಿದೆ. ಈ ಸರ ಮಾಡಿದವಳು ನಾನು, ಇವಳಿಗೆ ಕಾಯಿಲೆ ಇಲ್ಲ, ಹಾವೂ ಇಲ್ಲ, ಆದದ್ದು ನನ್ನ ತಗಡಿನಿಂದ. ಎರಡು ಮೂರು ದಿನ ಕೊಡಿ. ಇದರ ಒಂದು ಎಲೆಯನ್ನು ಇವಳ ತೋಳಿಗೆ ಕಟ್ಟುತ್ತೇನೆ, ಅಷ್ಟೇ ಜಾಗದಲ್ಲಿ ಅದೇ ಗುಳ್ಳೆ ಬರುತ್ತದೆ. ಇನ್ನೊಂದು ತೋಳಿಗೆ ಬರೀ ಹರಳು ಕಟ್ಟುತ್ತೇನೆ, ಅಲ್ಲಿ ಏನೂ ಬರುವುದಿಲ್ಲ.

ಆಕೆ ಸುಲಿಯುವುದು ನಿಲ್ಲಿಸಿ ನನ್ನನ್ನು ಬಹಳ ಹೊತ್ತು ನೋಡಿದರು. “ನೀನೇ ಕಟ್ಟಿದ್ರೆ ಅದಕ್ಕೇನಾದ್ರೂ ಸವರಿರ್ತೀಯ. ನಾನು ಕಟ್ತೀನಿ. ನಂಗೂ ಒಂದು ಕಟ್ಟು,” ಅಂದರು.

ಎಲೆಗಳನ್ನು ಅವರೇ ಸೋಪು ಹಾಕಿ ತೊಳೆದರು. ಅವರೇ ಸೊಸೆಯ ಒಂದು ತೋಳಿಗೆ ಎಲೆ, ಇನ್ನೊಂದಕ್ಕೆ ಹರಳು ಇಟ್ಟು ಬಟ್ಟೆ ಸುತ್ತಿ ಗಂಟು ಹಾಕಿದರು. ಅವರ ತೋಳಿಗೆ ನಾನು ಕಟ್ಟಿದೆ. ಹುಡುಗಿಯ ಗಂಡ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದ.

ಆ ಎರಡು ದಿನ ನಾನು ಆ ಮನೆಯಲ್ಲಿ ಹೇಗಿದ್ದೆನೋ. ಯಾರೂ ಕೆಟ್ಟದಾಗಿ ನಡೆಸಿಕೊಳ್ಳಲಿಲ್ಲ. ಊಟಕ್ಕೆ ಕರೆದರು, ಮಲಗಲು ಚಾಪೆ ಕೊಟ್ಟರು. ಮಾತು ಮಾತ್ರ ಆಡಲಿಲ್ಲ. ಮರುದಿನ ಬೆಳಿಗ್ಗೆ ಬಿಚ್ಚಿ ನೋಡಿದರು, ಏನೂ ಇಲ್ಲ. ಮತ್ತೆ ಕಟ್ಟಿದರು. ಮಧ್ಯಾಹ್ನ ನೋಡಿದರು, ಏನೂ ಇಲ್ಲ. ಸಂಜೆಗೆ ಬಟ್ಟೆಯ ಬಿಗಿಗೆ ಮೂಡಿದ ಗುರುತು ಬಿಟ್ಟರೆ ಚರ್ಮ ನುಣ್ಣಗಿತ್ತು. ಅತ್ತೆ ದೀಪ ಹಚ್ಚಲು ಹೋದರು. ಹುಡುಗಿಯ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಿತ್ತಲಿಗೆ ಹೋದಳು.

ಒಂದು ಹೆಣ್ಣಿನ ಮೈಮೇಲೆ ಹುಣ್ಣು ಬರಲಿ ಎಂದು ನಾನು ಆ ದಿನ ಎಷ್ಟು ಸಲ ಕೈ ಮುಗಿದೆನೋ ಲೆಕ್ಕವಿಲ್ಲ. ಅಡುಗೆಮನೆಯಲ್ಲಿ ನಾವಿಬ್ಬರೇ ಇದ್ದಾಗ ಅವಳ ಕಿವಿಯ ಹತ್ತಿರ ಬಗ್ಗಿ, “ಬಟ್ಟೆ ಒಳಗೆ ಬೆರಳು ಹಾಕಿ ಒಂಚೂರು ಉಜ್ಜಿಬುಡು. ಕೆಂಪಗಾದ್ರೆ ಸಾಕು,” ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. “ಬ್ಯಾಡ ಅಕ್ಕ. ಬರದಿದ್ರೆ ಬರದೇ ಹೋಗ್ಲಿ ಬುಡಿ. ಸುಳ್ಳು ಹೇಳಿ ಈ ಮನೇಲಿ ನಾನು ಎಂಗೆ ಇರ್ಲಿ?”

ಅವಳಿಗೆ ಇಪ್ಪತ್ತಮೂರು ವರ್ಷ. ನನಗೆ ನಲವತ್ತು ಸಮೀಪಿಸಿತ್ತು. ನಾನು ಎದ್ದು ಹೊರಗೆ ಹೋಗಿ ಹಸು ಕಟ್ಟುವ ಕಡೆ ನಿಂತೆ.

ಮೂರನೆಯ ಬೆಳಿಗ್ಗೆ ಅವಳು ತೋಳು ಹಿಡಿದುಕೊಂಡೇ ಎದ್ದಳು. ಅತ್ತೆ ಅವಳನ್ನು ಜಗಲಿಯ ಬೆಳಕಿಗೆ ಕರೆದುಕೊಂಡು ಹೋಗಿ ಗಂಟು ಬಿಚ್ಚಿದರು. ಎಲೆಯ ಅಳತೆಯಷ್ಟೇ ಚರ್ಮ ಕೆಂಪಗೆ ಎದ್ದಿತ್ತು, ಅದರ ತುಂಬ ಸಾಸಿವೆಯಂಥ ಗುಳ್ಳೆಗಳು. ಇನ್ನೊಂದು ತೋಳು ಬಿಚ್ಚಿದರು. ಹರಳಿನ ಕೆಳಗೆ ಏನೂ ಇಲ್ಲ. ತಮ್ಮ ತೋಳು ಬಿಚ್ಚಿಕೊಂಡರು. ಅಲ್ಲೂ ಏನೂ ಇಲ್ಲ.

“ನಂಗೇನೂ ಆಗ್ಲಿಲ್ವಲ್ಲ. ಅಂದ್ರೆ ಇವಳ ಮೈಯಲ್ಲೇ ದೋಷ ಅಂತಾಯ್ತು,” ಅಂದರು.

ಆಗ ಅದುವರೆಗೆ ಒಂದು ಮಾತೂ ಆಡದಿದ್ದ ಮಾವ ಕಂಬದ ಪಕ್ಕದಿಂದ ಹೇಳಿದರು: “ನಮ್ಮ ಹೊಗೆಸೊಪ್ಪು ಮುರಿಯಾಕೆ ಬರೋ ಹೆಂಗಸರಲ್ಲಿ ಒಬ್ಬಳಿಗೆ ಹಸಿ ಸೊಪ್ಪು ಮುಟ್ಟಿದ್ರೆ ತಲೆ ತಿರುಗಿ ವಾಂತಿ ಆಯ್ತದೆ. ಮಿಕ್ಕೋರಿಗೆ ಏನೂ ಆಗಾಕಿಲ್ಲ. ಅವಳ್ನ ಕಾಯಿಲೆಯೋಳು ಅಂತೀವಾ? ಸೊಪ್ಪು ಆಗಾಕಿಲ್ಲ ಅಂತೀವಿ. ಬುಡು, ಸಾಕು.”

ಅತ್ತೆ ಎದ್ದರು. ಒಳಗೆ ಹೋಗಿ ಕೊಬ್ಬರಿ ಎಣ್ಣೆ ತಂದರು. ಹುಡುಗಿ ತನ್ನ ಬ್ಯಾಗಿನಿಂದ ಡಾಕ್ಟರು ಕೊಟ್ಟ ಮುಲಾಮು ತೆಗೆದಳು. ಆಕೆ ಎಣ್ಣೆಯನ್ನು ಪಕ್ಕಕ್ಕಿಟ್ಟು, ಮುಲಾಮನ್ನೇ ಬೆರಳ ತುದಿಗೆ ತೆಗೆದುಕೊಂಡು ಗುಳ್ಳೆಗಳ ಮೇಲೆ ಸವರಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಇವಳು ಇಲ್ಲೇ ಇರ್ಲಿ. ನೀವು ತಿಂಡಿ ತಿನ್ಕೊಂಡು ಹೊರಡಿ. ಆ ಸರ ನಮ್ಮನೇಲಿ ಬ್ಯಾಡ, ತಕ್ಕೊಂಡೋಗವ್ವ.”

ಊರಿಗೆ ಬಂದ ಮೇಲೆ ಆ ಸರದ ಬೆನ್ನಿಗೇ ಅದೇ ಬಿಳಿ ತಗಡಿನಲ್ಲಿ ಓಲೆ, ಸರ ಯಾರಿಗೆಲ್ಲ ಮಾಡಿಕೊಟ್ಟಿದ್ದೆನೋ ಅವರಿಗೆಲ್ಲ ನಾನೇ ಫೋನ್ ಮಾಡಿದೆ. ಕಡಿತ ಬಂದರೆ ಬಿಚ್ಚಿಡಿ, ಬೇಡವಾದರೆ ವಾಪಸ್ಸು ಕಳಿಸಿ ಎಂದೆ. ಹೆಚ್ಚಿನವರು ಸರಿ ಅಂದರು. ಕೆ.ಆರ್. ನಗರದ ಒಬ್ಬರು, ತಮ್ಮ ಮಗಳ ಕಿವಿ ಕೀವಾಗಿ ತಿಂಗಳಾಯಿತು, ಈಗ ಹೇಳುತ್ತಿದ್ದೀಯಲ್ಲ ಎಂದು ಕೇಳಿದರು. ಪಿರಿಯಾಪಟ್ಟಣದವರು ಸರ ಬೇಡವೇ ಬೇಡ ಎಂದರು. ಹಿತ್ತಾಳೆಯದೋ ದಾರದ್ದೋ ಮಾಡಿಕೊಡುತ್ತೇನೆ ಎಂದು ನಾನು ಯಾರಿಗೂ ಬಾಯಿ ತೆರೆದು ಹೇಳಲಿಲ್ಲ, ಅವರೂ ಕೇಳಲಿಲ್ಲ. ತಗಡನ್ನೆಲ್ಲ ಸುತ್ತಿ ಅಟ್ಟದ ಮೇಲೆ ಹಾಕಿದೆ. ಹಲಗೆಯನ್ನು ಗಂಡ ಎತ್ತಿ ಒಯ್ದು ಕೊಟ್ಟಿಗೆಯ ಗೋಡೆಗೆ ಆನಿಸಿಟ್ಟರು. ಒಮ್ಮೆ ಕೂತು ನೋಡೋಣ ಎಂದು ಅದನ್ನು ಒಳಗೆ ತಂದೆ. ಮಣಿ ಪೋಣಿಸಲು ಹೋದರೆ ಕಣ್ಣ ಮುಂದೆ ಕುತ್ತಿಗೆಯೇ ಬಂತು. ಮತ್ತೆ ಕೊಟ್ಟಿಗೆಗೆ ಇಟ್ಟೆ.

ಗೌರಿ ಹಬ್ಬಕ್ಕೆ ಅವಳು ತವರಿಗೆ ಬಂದಳು. ನನ್ನ ಮನೆಗೆ ಬರುತ್ತಾಳೆಂದು ನಾನು ಅಂದುಕೊಂಡಿರಲಿಲ್ಲ, ಬಂದಳು. ಗಂಡ ಬೈಕಿನಲ್ಲಿ ಬಿಟ್ಟು ಹೋದನಂತೆ, ಸೋಮವಾರ ಬಂದು ಕರೆದೊಯ್ಯುತ್ತಾನಂತೆ. ತಾಳಿಯನ್ನು ಅರಿಶಿನದ ದಾರದಲ್ಲೇ ಕಟ್ಟಿಕೊಂಡಿದ್ದಳು. ತೋರಿಸು ಎಂದು ಕೇಳಿದೆ. ಸೆರಗು ಸರಿಸಿದಳು. ಕಪ್ಪು ಕಲೆ ಇನ್ನೂ ಇತ್ತು, ಸಾಲಾಗಿ.

“ಹೋಯ್ತದಂತೆ. ಇನ್ನೂ ಆರು ತಿಂಗ್ಳಾದ್ರೂ ಬೇಕಂತೆ,” ಅಂದಳು.

ಕಾಫಿ ಮಾಡಿ ಕೊಟ್ಟೆ. ಕಿಟಕಿ ಪಕ್ಕದ ಖಾಲಿ ಜಾಗ ನೋಡಿ, “ಈಗ ಏನು ಮಾಡ್ತಿದೀರಿ ಅಕ್ಕ?” ಎಂದು ಕೇಳಿದಳು.

“ಏನೂ ಇಲ್ಲ,” ಅಂದೆ.

ಅವಳು ಕಾಫಿ ಕುಡಿದು, ಲೋಟವನ್ನು ಬಚ್ಚಲಿಗೆ ಒಯ್ದು ತೊಳೆದಿಟ್ಟು, “ಬತ್ತೀನಿ ಅಕ್ಕ,” ಎಂದು ಹೊರಟಳು.