ಉಡಿ ತುಂಬಲು ಇಬ್ಬರು ಕಡಿಮೆ

2011ರ ಚಳಿಗಾಲದ ಒಂದು ಭಾನುವಾರ ಬೆಳಿಗ್ಗೆ ನಾನು ನವಿ ಮುಂಬಯಿಯ ಘಣಸೋಲಿಯಲ್ಲಿ ನಮ್ಮ ಸೊಸೈಟಿಯ ಗೇಟಿನೊಳಗೆ, ವಾಚ್‌ಮನ್ ಕ್ಯಾಬಿನ್ನಿನ ಪಕ್ಕ ನಿಂತಿದ್ದೆ. ನನ್ನ ಹೆಂಡತಿ ಮತ್ತು ಪಕ್ಕದ ಫ್ಲ್ಯಾಟಿನ ಉಡುಪಿಯ ಅಕ್ಕ ತರಕಾರಿ ಗಾಡಿಯ ಹತ್ತಿರ ಕನ್ನಡದಲ್ಲಿ ಮಾತಾಡುತ್ತಿದ್ದರು. ಅದು ಕಿವಿಗೆ ಬಿದ್ದು ರಸ್ತೆಯಾಚೆಯಿಂದ ಒಬ್ಬ ಹೆಂಗಸು ಬಂದಳು. ಎದುರಿಗೆ ಏಳುತ್ತಿದ್ದ, ಈಜುಕೊಳವೂ ಬರಲಿದ್ದ ಟವರಿಗೆ ಇಟ್ಟಿಗೆ ಹೊರುವವಳು, ಯಾದಗಿರಿ ಕಡೆಯವಳು. ಟವರಿನ ಬುಡದ ತಗಡಿನ ಶೆಡ್ಡೇ ಅವಳ ಮನೆ.

"ಯಕ್ಕಾ, ಉಡಿ ತುಂಬ್ರಿ," ಎಂದಳು.

ಉಡುಪಿಯ ಅಕ್ಕ ಮೇಲೆ ಹೋಗಿ ಒಂದು ಹಳೆಯ ಸೀರೆ, ಒಂದಿಷ್ಟು ಅಕ್ಕಿ ತಂದರು. ಹೆಂಗಸು ಕೈ ಹಿಂದೆ ತೆಗೆದುಕೊಂಡಳು.

"ಬೇಡಾಕ ಬಂದಿಲ್ರಿ ಯವ್ವಾ. ಸೊಸಿಗೆ ಏಳ ತಿಂಗಳ. ಕುಬಸ ಮಾಡಾಕ ಐದು ಮಂದಿ ಮುತ್ತೈದೇರು ಬೇಕು. ಉಳಿದೋರನ್ನ ಮುಕಾದಮ ಕಲ್ಯಾಣದ ಸೈಟಿಗೆ ಒಯ್ದಾನ. ಮೂರ ಮಂದಿ ಅದಾರ. ನಾಳೆ ನಮ್ಮನ್ನೂ ಒಯ್ತಾನ."

"ಅಯ್ಯೋ, ಸೀಮಂತಕ್ಕೆ ಮಡಿಲು ತುಂಬೋದಾ!" ಎಂದಳು ಮೈಸೂರಿನ ನನ್ನ ಹೆಂಡತಿ.

ಅಕ್ಕನ ಮುಖ ಕೆಂಪಾಯಿತು. ಹಳೆಯ ಸೀರೆಯನ್ನು ನನ್ನ ಕೈಗೆ ತುರುಕಿ, "ಇದನ್ನು ಹಿಡ್ಕೊಳ್ಳಿ ಮಾರಾಯ್ರೆ, ಒಳ್ಳೆ ಸೀರೆ ಉಟ್ಟು ಬರ್ತೇನೆ," ಎಂದು ಓಡಿದರು. ಅಗಲವಿಲ್ಲದ ಆ ರಸ್ತೆಯನ್ನು ದಾಟುವಷ್ಟರಲ್ಲಿ ನಮ್ಮದೇ ಭಾಷೆಯ ಒಂದು ಮಾತು ಭಿಕ್ಷೆಯಾಗಿಬಿಟ್ಟಿತ್ತು. ನಾನು ಹಳೆಯ ಸೀರೆಯನ್ನು ಕ್ಯಾಬಿನ್ನಿನಲ್ಲಿಟ್ಟು ಅವರ ಹಿಂದೆ ನಡೆದೆ.

ಆ ಶೆಡ್ಡಿನಲ್ಲಿ ನಮ್ಮ ಊಟದ ಮೇಜು ಹಿಡಿಯುತ್ತಿರಲಿಲ್ಲ. ಕಾಂಕ್ರೀಟಿಗೆ ತರಿಸಿದ ಟ್ಯಾಂಕರ್ ನೀರೇ ಕುಡಿಯಲಿಕ್ಕೂ. ಸಿಮೆಂಟ್ ಚೀಲಗಳ ಮೇಲೆ ಕಂಬಳಿ ಹಾಸಿ ಹಸಿರು ಸೀರೆಯ ಹುಡುಗಿಯನ್ನು ಕೂರಿಸಿದ್ದರು. ನಾನು ಬಾಗಿಲಾಚೆ ನಿಂತು ನೋಡಿದೆ. ಐವರೂ ಸರದಿಯಂತೆ ಅವಳ ಸೆರಗಿಗೆ ಅಕ್ಕಿ, ಕೊಬ್ಬರಿ, ಅರಿಶಿನದ ಕೊಂಬು ಹಾಕಿದರು. ಆಮೇಲೆ ಅತ್ತೆ ಉಡುಪಿಯ ಅಕ್ಕನನ್ನು ಅಡ್ಡಗಟ್ಟಿದಳು.

"ಗಂಡನ ಹೆಸರ ಹೇಳ್ರಿ, ಇಲ್ಲಾಂದ್ರ ಬಿಡಂಗಿಲ್ಲ!"

"ನಮ್ಮಲ್ಲಿ ಹಾಗೆಲ್ಲ ಇಲ್ಲ ಮಾರಾಯ್ತಿ," ಎಂದರು ಅಕ್ಕ.

"ಹೆಸರ ಮರ್ತಾರ ನೋಡ್ರೇ!"

ಅಕ್ಕ ಕಣ್ಣು ಮುಚ್ಚಿ ಕೂಗಿಯೇ ಹೇಳಿದರು. ರಸ್ತೆಯಾಚೆಯ ಬಾಲ್ಕನಿಯಿಂದ ಅವರ ಗಂಡ "ಏನೇ?" ಎಂದರು. ನಗುವಿಗೆ ತಗಡೆಲ್ಲ ನಡುಗಿತು. ಬಸುರಿ ಹುಡುಗಿ ಉಡಿಯ ಅಕ್ಕಿ ಚೆಲ್ಲದಂತೆ ಎರಡೂ ಕೈಯಲ್ಲಿ ಹಿಡಿದು ನಕ್ಕಳು.

ಮರುದಿನ ಲಾರಿ ಬಂದು ಅವರನ್ನು ಕರೆದೊಯ್ದಿತು. ಇದನ್ನು ಕಂಡು ಕೇಳಿದವರಲ್ಲಿ ಉಡುಪಿಯ ಅಕ್ಕ ಈಗಿಲ್ಲ. ನನ್ನ ಹೆಂಡತಿ ಇದ್ದಾಳೆ. ಬಾಲ್ಕನಿಯ ಆ ಯಜಮಾನರು ಇದ್ದಾರೆ. ಕಲ್ಯಾಣದಲ್ಲಿ ಆ ಅತ್ತೆ ಸೊಸೆ ಇಬ್ಬರೂ ಇದ್ದಾರೆಂದು ಆ ಕಡೆಯ ಕೆಲಸದವರು ಹೇಳುತ್ತಾರೆ; ನಂಬದವರು ಕೇಳಬಹುದು.