ಮನೆಗೆ ಹೋಗುವವರು ಯಾರು?

ಗಿಲ್ಬೋವ ಬೆಟ್ಟದ ಬುಡದಲ್ಲಿ ಪ್ರತಿ ಬೇಸಿಗೆ ಶಿಬಿರದ ಹುಡುಗ ಹುಡುಗಿಯರಿಗೆ ಇಸ್ರಾಯೇಲರಿಗೂ ಮಿದ್ಯಾನರಿಗೂ ನಡೆದ ಪುರಾತನ ಕಾಳಗದ ಆಟ ಆಡಿಸುವ ಎಲ್ಕಾನಾ ಮೇಷ್ಟ್ರ ಹತ್ತಿರ ಹುಡುಗಾಟ ನಡೆಯುವುದಿಲ್ಲ. ಸ್ಪಂಜಿನ ಕತ್ತಿಗಳನ್ನು ಗೇಣು ಹಾಕಿ ನೋಡುತ್ತಾರೆ. ಕವಣೆಯಲ್ಲಿ ಬೀಸುವ ಹಿಟ್ಟಿನ ಪೊಟ್ಟಣಗಳನ್ನು ತಾವೇ ಕಟ್ಟುತ್ತಾರೆ. ಅಂಗಿಗೆ ಹಿಟ್ಟು ಹತ್ತಿದವನು ಸತ್ತಂತೆ, ವಾದಕ್ಕಿಳಿದರೆ ಎರಡು ಸಲ ಸತ್ತಂತೆ. ಕಥೆಯಲ್ಲಿ ಒಂಟೆಯೇರಿ ಬರುವ ಮಿದ್ಯಾನರ ಕಡೆಯವರು ತಮಗೆ ಒಂಟೆಯಿಲ್ಲವೆಂದು ಗೊಣಗಿದ್ದಕ್ಕೆ ಒಮ್ಮೆ ಪಕ್ಕದೂರಿನ ಕತ್ತೆಯನ್ನು ತಂದು ನಿಲ್ಲಿಸಿದ್ದರು. ಕೊಂಬು ಊದುವ ಮೊದಲು ಧರ್ಮಗ್ರಂಥದಲ್ಲಿರುವ ಪ್ರಶ್ನೆಗಳನ್ನು ಕೇಳಲೇಬೇಕು: ಹೊಸ ಮನೆ ಕಟ್ಟಿ ಇನ್ನೂ ಕಾಲಿಡದವರು ಯಾರು, ದ್ರಾಕ್ಷಿ ನೆಟ್ಟು ಹಣ್ಣು ತಿನ್ನದವರು ಯಾರು, ಮದುವೆ ನಿಶ್ಚಯವಾದವರು ಯಾರು? ಅವರೆಲ್ಲ ಯುದ್ಧ ಬಿಟ್ಟು ಮನೆಗೆ ಹೋಗಬಹುದು. "ನಂಗೆ ಹಗಿತ್ ಜೊತೆ ನಿಶ್ಚಯ ಆಗಿದೆ ಮೇಷ್ಟ್ರೇ!" ಎಂದು ಯಾವನೋ ಕಿರುಚುತ್ತಾನೆ. "ಕನಸಲ್ಲಿ ಆಗಿರ್ಬೇಕು, ಮುಖ ನೋಡ್ಕೋ!" ಎಂದು ಹಗಿತ್ ದಬಾಯಿಸುತ್ತಾಳೆ. ಮೇಷ್ಟ್ರು ನಗುವುದಿಲ್ಲ, ಅವನ ಕತ್ತಿ ವಾಪಸು ಪಡೆದು, ನೆರಳಿಗೆ ಕಳಿಸಿ, ಕೈಗೊಂದು ಹೋಳು ಕಲ್ಲಂಗಡಿ ಕೊಡುತ್ತಾರೆ. "ಹಿಂಗೆ ಎಲ್ರನ್ನೂ ಕಳಿಸಿದ್ರೆ ನಾವು ಸೋಲ್ತೀವಲ್ಲ!" ಎಂದು ತಂಡದ ನಾಯಕಿ ರೇಗಿದರೆ, "ಸೋಲ್ರಿ, ಏನೀಗ?" ಎನ್ನುತ್ತಾರೆ. ನಿಶ್ಚಯದ ಪ್ರಶ್ನೆಯೊಂದನ್ನು ಮಾತ್ರ ಒಬ್ಬೊಬ್ಬರ ಮುಖ ನೋಡುತ್ತ ಇನ್ನೊಮ್ಮೆ ಕೇಳುತ್ತಾರೆ. ಹಿಂದೆ ನಿಜವಾದ ಯುದ್ಧಕ್ಕೆ ಹೋಗಿ ಮರಳಿ ಬಾರದ ಗೇರ್ಷೋಮನೆಂಬ ಸೈನಿಕನಿಗೆ ಮರುವಾರವೇ ಮದುವೆಯಿತ್ತು. ಅವನ ತುಕಡಿಯ ಅಧಿಕಾರಿಯಾಗಿದ್ದ ಎಲ್ಕಾನಾ, ಅದು ಗೊತ್ತಿದ್ದೂ, ಹೊರಡುವ ಮುನ್ನ ಅವನನ್ನು ಕೇಳಿದ್ದು ಇಷ್ಟೇ: "ಬಾಟ್ಲಿಗೆ ನೀರು ತುಂಬಿಸ್ಕೊಂಡ್ಯಾ?"