ವೈಟ್ನರ್ ಬಳಿದ ನಾಲ್ಕನೇ ಸಾಲು

ನಮ್ಮ ಕಡೆ ಬಸ್ಸಿನ ಬೋರ್ಡನ್ನು ಯಾರೂ ನಂಬುವುದಿಲ್ಲ. ಮಳವಳ್ಳಿ ಎಂದು ಎದುರಿಗೇ ಬರೆದಿದ್ದರೂ ಕಂಡಕ್ಟರನ್ನು ಒಂದು ಮಾತು ಕೇಳಿಯೇ ಹತ್ತುತ್ತೇವೆ. ಕಂಪ್ಯೂಟರಿನ ಮುಂದೆ ಕೂತಾಗಲೂ ನನಗೆ ಅದೇ ಚಾಳಿ. ನಾನು ಕೆಟ್ಟಿದ್ದೇ ಅದರಿಂದ.

ಮಂಡ್ಯದ ಒಂದು ಭತ್ತದ ಪ್ರಯೋಗಾಲಯದಲ್ಲಿ ನಾವಿಬ್ಬರು ಗುತ್ತಿಗೆ ನೌಕರರು. ನಾನು ಪೂರಿಗಾಲಿಯವಳು, ಅವಳು ಆತಗೂರಿನವಳು. ಮೂರು ವರ್ಷ ಒಂದೇ ಡಬ್ಬಿಯಲ್ಲಿ ಉಂಡವರು. ಆ ಸಲ ಒಬ್ಬರನ್ನು ಮಾತ್ರ ಮುಂದುವರಿಸುತ್ತೇವೆ ಅಂದರು ಸಾಹೇಬರು. ತಳಿಗಳ ಲೆಕ್ಕಾಚಾರದ ಹಂತಗಳನ್ನೆಲ್ಲ ಒಂದರ ಹಿಂದೊಂದು ತಾನೇ ಓಡಿಸುವ ಹೊಸ ಟೂಲ್ ಬಂದಿತ್ತು. ಮೌಸಿಗೆ ಕೆಲಸವಿಲ್ಲ, ಕಪ್ಪು ಪರದೆಯಲ್ಲಿ ಕಮಾಂಡ್ ಹೊಡೆಯಬೇಕು. ಅದನ್ನು ಮೂಲ ಕೋಡಿನಿಂದಲೇ ಕಂಪೈಲ್ ಮಾಡಿ ಕಟ್ಟಿ, ಸೋಮವಾರ ಚೆನ್ನಾಗಿ ಓಡಿಸಿ ತೋರಿಸಿದವರಿಗೆ ಕೆಲಸ.

ಅವಳದು ಗುರುವಾರವೇ ಆಯಿತು. ಕೋಡಿನ ಜೊತೆಗೇ ಸೂಚನೆಗಳ ಉದ್ದದ ಪುಟವಿತ್ತು; ನಾನು ತೆರೆಯಲೂ ಇಲ್ಲ. "ಲೇ, ಎಂಗೆ ಆಕ್ದೆ, ಬರ್ಕೊಡು" ಅಂದೆ. ನೋಟ್‌ಬುಕ್ಕಿನ ಹಾಳೆ ಹರಿದು ಬರೆದು ಕೊಟ್ಟಳು.

"ಇಂಗಿಂಗೇ ಒಡ್ಕೊಂಡೋಗು ಕಣೇ, ಆಯ್ತದೆ."

ಮೂರನೇ ಸಾಲಿನ ಕೆಳಗೆ ವೈಟ್ನರ್ ಬಳಿದಿತ್ತು. ಪಾಪ, ತಪ್ಪು ಬರೆದು ಅಳಿಸಿದ್ದಾಳೆ ಅಂದುಕೊಂಡೆ.

ಎರಡು ದಿನ ಆ ಹಾಳೆ ಹಿಡಿದು ಕೂತೆ. ಅರ್ಧ ಕಂಪೈಲ್ ಆಗುವಷ್ಟರಲ್ಲಿ ತಪ್ಪಿದೆ ಎನ್ನುವ ಕೆಂಪು ಅಕ್ಷರಗಳು ಉದುರುತ್ತಿದ್ದವು. ಮಣ್ಣು ತುಂಬಿದ ತಲೆ ಎಂದು ನನ್ನನ್ನೇ ಬೈದುಕೊಂಡೆ. ಸೋಮವಾರ ಅವಳದು ಓಡಿತು. ನನ್ನದು ಸಾಹೇಬರ ಮುಂದೆಯೂ ಅಲ್ಲೇ ನಿಂತಿತು.

ಮೇಜು ಖಾಲಿ ಮಾಡುವಾಗ ಹಾಳೆ ಕೈಗೆ ಬಂತು. ಯಾಕೋ ಕಿಟಕಿಯ ಬಿಸಿಲಿಗೆ ಹಿಡಿದು ಹಿಂಬದಿಯಿಂದ ನೋಡಿದೆ. ಪೆನ್ನು ಒತ್ತಿ ಬರೆಯುವ ಕೈ ಅವಳದು. ವೈಟ್ನರ್ ಅಡಿಯ ಅಕ್ಷರ ತಿರುಗುಮುರುಗಾಗಿ ಎದ್ದು ಕಂಡಿತು. 'ಹೊಸ ಕೋಡು ಅರ್ಧಂಬರ್ಧ ಇದೆ, ಮೊದಲು ಹಿಂದಿನ ಪಕ್ಕಾ ಆವೃತ್ತಿಗೆ ಹೋಗು.' ಬರೆದಿದ್ದಳು. ಬರೆದ ಮೇಲೆ ಬಳಿದಿದ್ದಳು. ಮರೆತಿದ್ದರೆ ಹಾಳಾಗಿ ಹೋಗಲಿ ಅನ್ನುತ್ತಿದ್ದೆ. ಇವಳು ನಂಬಿಸಿ ಕತ್ತು ಕೊಯ್ದಿದ್ದಳು.

ಹಾಳೆಯನ್ನು ಅವಳ ಮುಂದೆ ಇಟ್ಟೆ. ಅವಳು ತಲೆ ಎತ್ತಲಿಲ್ಲ.

"ಕೋಡ್ ಜೊತೆಗೇ ಎಲ್ಲಾ ಬರ್ದಿತ್ತಲ್ಲ. ನೀನೇ ಓದ್ಕೊಬೋದಿತ್ತು" ಅಂದಳು.

"ಇತ್ತು ಕಣೇ. ನಾನು ನಿನ್ನ ಕೇಳ್ದೆ."

ಅವಳು ಡಬ್ಬಿಯ ಮುಚ್ಚಳ ತೆಗೆದು ನನ್ನ ಕಡೆ ಸರಿಸಿದಳು. ನಾನು ಚೀಲ ಎತ್ತಿಕೊಂಡು ಹೊರಟೆ.

ಅವತ್ತು ಬಸ್ ಸ್ಟ್ಯಾಂಡಿನಲ್ಲಿ ಯಾರನ್ನೂ ಕೇಳಲಿಲ್ಲ. ಬೋರ್ಡನ್ನು ಎರಡು ಸಲ ಓದಿ ಹತ್ತಿದೆ.